ಆಂಜನೇಯನ ಸೀಟು

ರಾಮಕಥೆ ಓದುವ ಕಡೆಯಲ್ಲೆಲ್ಲ ಆಂಜನೇಯಸ್ವಾಮಿ ಬಂದು ಕೂತು ಕೇಳುತ್ತಾನೆ ಎಂಬುದನ್ನು ಗಿರಿಜಮ್ಮ ಯಾರಿಗೂ ವಾದ ಮಾಡಿ ಒಪ್ಪಿಸಲು ಹೋದವರಲ್ಲ. ಬರುವವನಿಗೆ ಕೂರಲು ಜಾಗ ಇಡಬೇಕು, ಅವರಿಗೆ ಗೊತ್ತಿದ್ದುದು ಅಷ್ಟೇ. ಮೈಸೂರಿನಲ್ಲಿ ಅವರ ತಂದೆ ಪದ್ಯ ಓದಲು ಕೂರುವ ಮುಂಚೆ ಎದುರಿಗೊಂದು ಮಣೆ ಹಾಕಿ, ಅದರ ಮೇಲೆ ಕೆಂಪು ವಸ್ತ್ರ ಮಡಿಸಿಟ್ಟು, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮನೆ ತುಂಬಿ ಜನ ಬಾಗಿಲಾಚೆ ನಿಂತು ಕೇಳುವಂತಾದರೂ ಆ ಮಣೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳುತ್ತಲೂ ಇರಲಿಲ್ಲ.

ಅದೇ ಮಣೆ ಈಗ ಮೆಲ್ಬರ್ನ್ ಪಶ್ಚಿಮದ ವಿಂಡಮ್ ವೇಲ್‌ನಲ್ಲಿ, ಗಿರಿಜಮ್ಮನ ಮನೆಯ ಗ್ಯಾರೇಜಿನಲ್ಲಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಮೇಲೆ ಅವರು ಪ್ರತಿ ಭಾನುವಾರ ಕಾರನ್ನು ರಸ್ತೆಗೆ ತಳ್ಳಿಸಿ, ಗ್ಯಾರೇಜಿಗೆ ಜಮಖಾನ ಹಾಸಿ, ಸ್ಪೀಕರ್ ಜೋಡಿಸುತ್ತಿದ್ದರು. ಹೊಳಲ್ಕೆರೆಯಲ್ಲಿ ಗಮಕಿ ನೀಲಾಂಬಿಕಮ್ಮನವರು ಬೆಳಗಿನ ಕಾಫಿ ಮುಗಿಸಿ ಫೋನಿನ ಮುಂದೆ ಕೂತು ಪದ್ಯ ಓದುವ ಹೊತ್ತಿಗೆ ಇಲ್ಲಿ ಊಟದ ಸಮಯ. ಟಾರ್ನೀಟ್‌ನಿಂದ, ಸುತ್ತಲ ಹೊಸ ಬಡಾವಣೆಗಳಿಂದ ಬಂದವರು ಚಿತ್ರಾನ್ನದ ವಾಸನೆಯ ನಡುವೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ನೆಟ್‌ವರ್ಕ್ ಕೈಕೊಟ್ಟು ಷಟ್ಪದಿಯ ಆರನೇ ಸಾಲು ಸಮುದ್ರದ ಮೇಲೆಲ್ಲೋ ನಿಂತುಹೋದರೆ, ಎಲ್ಲರೂ ಉಸಿರು ಹಿಡಿದು ಅದಕ್ಕಾಗಿ ಕಾಯುವರು. ಅದು ಬಂದು ಸೇರಿದ ಮೇಲೆಯೇ ಮುಂದಿನ ಮಾತು.

ಆ ನೀಲಾಂಬಿಕಮ್ಮನವರು ಈಗ ತಾವೇ ಬರುವವರಿದ್ದರು. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿರುವ ಮಗಳು ಅಪರ್ಣಳ ಮನೆಗೆ ಮೊದಲ ಸಲದ ಪ್ರಯಾಣ. ಎದೆಯ ಡಾಕ್ಟರು ಒಪ್ಪಿದ್ದು ಇದೊಂದಕ್ಕೇ, ಇನ್ನು ಮುಂದೆ ವಿಮಾನ ಹತ್ತುವ ಮಾತಿಲ್ಲ. ಚಾಟ್ಸ್‌ವುಡ್‌ನ ಒಂದು ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಓದಲು ಒಪ್ಪಿಕೊಂಡರು. ಒಪ್ಪುವಾಗ ಫೋನಿನಲ್ಲಿ ಒಂದು ಮಾತು ಹೇಳಿದರು.

"ಗಿರಿಜಾ, ಹಾಲಿನ ಬಾಡಿಗೆ ಎಷ್ಟೋ ಅಷ್ಟನ್ನೇ ಹಂಚಿಹಾಕಿ. ಕೇಳೋರ ಆಸೆ ಮೇಲೆ ಯಾರಾದ್ರೂ ಲಾಭ ಮಾಡಿದ್ರು ಅಂತ ಗೊತ್ತಾದ್ರೆ ನಾನು ಬಾಯಿ ಬಿಡೋಳಲ್ಲ, ತಾಯಿ. ನಮ್ಮ ಗುರುಗಳಿಗೆ ಕೊಟ್ಟ ಮಾತು ಅದು. ಒಂದು ಸೀಟಾದ್ರೂ ಸರಿ."

"ಯಾರಮ್ಮ ಮಾಡ್ತಾರೆ ಲಾಭನ? ನಮ್ಮೋರೇ ತಾನೆ ಬರೋದು" ಎಂದು ಗಿರಿಜಮ್ಮ ನಕ್ಕಿದ್ದರು.

ಸಭಾಂಗಣದವರ ನಿಯಮ ಒಂದಿತ್ತು: ಟಿಕೆಟ್ ಮಾರುವುದೇನಿದ್ದರೂ ಅವರ ಟಿಕೆಟ್ ಕಂಪನಿಯ ವೆಬ್‌ಸೈಟಿನಲ್ಲೇ. ಆ ಕೆಲಸಕ್ಕೆ ತೇಜಸ್ ಒದಗಿದ. ಚನ್ನರಾಯಪಟ್ಟಣದ ಹುಡುಗ, ಮೆಲ್ಬರ್ನ್‌ನಲ್ಲಿ ಓದುವಾಗ ಗಿರಿಜಮ್ಮನ ಗ್ಯಾರೇಜಿಗೆ ಚಿತ್ರಾನ್ನಕ್ಕೆಂದು ಬಂದು ಪದ್ಯಕ್ಕೆ ಸಿಕ್ಕಿಬಿದ್ದವನು. ಈಗ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿ ಚಾಟ್ಸ್‌ವುಡ್‌ನ ಐಟಿ ಕಂಪನಿಯೊಂದರಲ್ಲಿದ್ದ. ಅವನು ಸಿಡ್ನಿಯಲ್ಲಿ ಕೂತು, ಇವರು ವಿಂಡಮ್ ವೇಲ್‌ನಲ್ಲಿ ಕೂತು, ವಿಡಿಯೋ ಕರೆಯಲ್ಲಿ ಟಿಕೆಟ್ ಪುಟ ಕಟ್ಟಿದರು.

"ನೀಲಾಂಬಿಕಾ ಲೈವ್ ಇನ್ ಸಿಡ್ನಿ, ಒನ್ ನೈಟ್ ಓನ್ಲಿ" ಎಂದು ತೇಜಸ್ ದೊಡ್ಡ ಅಕ್ಷರದಲ್ಲಿ ಹಾಕಿದ. ಹಿನ್ನೆಲೆಗೆ ಬಣ್ಣದ ದೀಪಗಳು.

"ಮಧ್ಯಾಹ್ನ ಮೂರು ಗಂಟೆಗೆ ಅಲ್ವೇನೋ ಇರೋದು?"

"ಆಂಟಿ, ಅದು ಹಂಗೇ ಬರೆಯೋದು. ಇಲ್ದಿದ್ರೆ ಜನ ಕ್ಲಿಕ್ ಮಾಡಲ್ಲ."

ಮುಂದಿನದು ಸೀಟುಗಳ ನಕ್ಷೆ. ಮೊದಲ ಸಾಲಿನ ನಟ್ಟನಡುವಿನ ಸೀಟನ್ನು ತೋರಿಸಿ ಗಿರಿಜಮ್ಮ, "ಅದು ಸ್ವಾಮಿಗೆ" ಎಂದರು.

"ಗೊತ್ತು ಆಂಟಿ. ಬ್ಲಾಕ್ ಮಾಡಿದೀನಿ, ನೋಡಿ."

ನಕ್ಷೆಯಲ್ಲಿ ಆ ಸೀಟಿನ ಮೇಲೆ ಕಪ್ಪು ಕಾಟು ಬಿತ್ತು. ಗಿರಿಜಮ್ಮನಿಗೆ ಎದೆಯ ಮೇಲೆ ಗೀರಿದಂತಾಯಿತು.

"ತೆಗಿಯೋ ಅದನ್ನ. ದೇವರ ಜಾಗದ ಮೇಲೆ ಕಾಟು ಹಾಕ್ತಾರೇನು?"

"ಆಂಟಿ, ಕಾಟು ಹಾಕ್ದಿದ್ರೆ ಸೀಟು ಮಾರಾಟಕ್ಕಿದೆ ಅಂತ ತೋರಿಸುತ್ತೆ."

"ತೋರಿಸ್ಲಿ. ಯಾರು ತಗೋತಾರೆ? ಬರೆದರಾಯ್ತಪ್ಪ."

ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಗಂಡ ಲಕ್ಷ್ಮೀನಾರಾಯಣರು ಕನ್ನಡಕದ ಮೇಲಿನಿಂದ ನೋಡಿದರು. ಜೀವಮಾನವೆಲ್ಲ ಸೇತುವೆ ಕಟ್ಟಿಸಿದ ಎಂಜಿನಿಯರ್ ಅವರು. ದೇವರನ್ನೂ ಹೆಂಡತಿಯನ್ನೂ ತಮಾಷೆ ಮಾಡದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. "ಬಾಗಿಲಿಗೆ ಬೀಗ ಹಾಕ್ಬೇಡ, 'ಒಳಗೆ ಬರಬೇಡಿ' ಅಂತ ಬೋರ್ಡ್ ಹಾಕು ಅಂತಿದಾಳೆ ನಿಮ್ಮ ಆಂಟಿ. ಬರಿಯಪ್ಪ, ಬರಿ."

ಪುಟದಲ್ಲಿ 'ಷರತ್ತುಗಳು' ಎಂಬ ಖಾನೆ ಖಾಲಿ ಇತ್ತು. ಗಿರಿಜಮ್ಮ ಹೇಳಿದಂತೆ ತೇಜಸ್ ಅಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ: ಮೊದಲ ಸಾಲಿನ ನಡುವಿನ ಸೀಟು ಆಂಜನೇಯಸ್ವಾಮಿಯದು, ಅದನ್ನು ಯಾರೂ ಕೊಳ್ಳತಕ್ಕದ್ದಲ್ಲ. ಒಂದು ಮನೆಗೆ ಆರೇ ಟಿಕೆಟ್. ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರತಕ್ಕದ್ದಲ್ಲ. ಇದನ್ನು ಓದಿ ಒಪ್ಪಿದವರು ಮಾತ್ರ ಟಿಕೆಟ್ ಪಡೆಯಬೇಕು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾರಾಟ ತೆರೆಯಿತು. ಸಿಡ್ನಿಗೆ ಹೋಗಿಬರಲು ಆಗಲೇ ರಜೆ ಹಾಕಿಕೊಂಡಿದ್ದ ಮೆಲ್ಬರ್ನ್‌ನವರು ಹಲವರು ಗಿರಿಜಮ್ಮನ ಮನೆಯಲ್ಲೇ ಸೇರಿದ್ದರು. ಟಾರ್ನೀಟ್‌ನ ಸಂಪತ್ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಕೆಂಪಮ್ಮ. ಮಂಡ್ಯದ ಕಡೆಯವರು, ಗ್ಯಾರೇಜಿನ ವಾಚನ ಒಂದು ವಾರವೂ ತಪ್ಪಿಸದವರು. ಸಂಪತ್ ಹೆಸರು ಟೈಪ್ ಮಾಡಿದ, ವಿಳಾಸ ಟೈಪ್ ಮಾಡಿದ, ಕಾರ್ಡ್ ನಂಬರು ಹಾಕಿದ. ಬ್ಯಾಂಕಿನಿಂದ ಒಟಿಪಿ ಬರುವಷ್ಟರಲ್ಲಿ ಪುಟ ಬೂದು ಬಣ್ಣಕ್ಕೆ ತಿರುಗಿತ್ತು. ಎಲ್ಲ ಸೀಟೂ ಮುಗಿದಿತ್ತು.

"ಏನಪ್ಪ ಆಯ್ತು?" ಎಂದರು ಕೆಂಪಮ್ಮ.

"ಖಾಲಿಯಾಯ್ತು ಕಣವ್ವ."

"ಈಗ ತಾನೆ ಅಂಗಡಿ ತೆಗುದ್ರು. ಅದೆಂಗೆ ಖಾಲಿಯಾಯ್ತದೆ? ನಮ್ಮೋರು ಮದ್ವೆ ಊಟಕ್ಕೂ ಇಷ್ಟು ಬಿರ್ರನೆ ಬರಾಕಿಲ್ಲ."

ಯಾರೂ ನಗಲಿಲ್ಲ. ಒಬ್ಬೊಬ್ಬರ ಫೋನೂ ನೋಡಲಾಯಿತು. ಕೆಲವೇ ಕೆಲವರಿಗೆ ಹಿಂದಿನ ಮೂಲೆಯಲ್ಲಿ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಸಿಡ್ನಿಯಿಂದ ತೇಜಸ್ ಕರೆ ಮಾಡಿದ. ಅವನ ಧ್ವನಿ ಬಾಡಿತ್ತು.

"ಆಂಟಿ, ಒಂದು ಲಿಂಕ್ ಕಳಿಸಿದೀನಿ. ನೋಡಿ, ಬಯ್ಯಬೇಡಿ."

ಅದು ಟಿಕೆಟ್‌ಗಳನ್ನು ಮರುಮಾರಾಟ ಮಾಡುವ ಬೇರೊಂದು ವೆಬ್‌ಸೈಟು. 'ನೀಲಾಂಬಿಕಾ, ಬಾಲಿವುಡ್ ಸೆನ್ಸೇಷನ್' ಎಂಬ ತಲೆಬರಹದ ಕೆಳಗೆ ಸಾಲುಸಾಲಾಗಿ ಅವರದೇ ಸಭಾಂಗಣದ ಸೀಟುಗಳು. ಹದಿನೈದು ಡಾಲರಿನ ಸೀಟಿಗೆ ನೂರೈವತ್ತು, ಇನ್ನೂರು. ಎಲ್ಲಕ್ಕಿಂತ ಮೇಲೆ, ಹಳದಿ ನಕ್ಷತ್ರ ಹಚ್ಚಿಸಿಕೊಂಡು ಒಂದು ಸೀಟಿತ್ತು: ಮೊದಲ ಸಾಲು, ನಟ್ಟನಡುವೆ. 'ಇಡೀ ಹಾಲಿನ ಅತ್ಯುತ್ತಮ ನೋಟ. ಮುನ್ನೂರ ನಲವತ್ತು ಡಾಲರ್.'

ಗಿರಿಜಮ್ಮ ಅದನ್ನು ಓದಿ, ಇನ್ನೊಮ್ಮೆ ಓದಿ, ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋಗಿ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತರು.

"ಯಾರು ಈ ಕೆಲಸ ಮಾಡಿದ್ದು?" ಎಂದು ಹೊರಗೆ ಲಕ್ಷ್ಮೀನಾರಾಯಣರು ಕೇಳುತ್ತಿದ್ದರು.

"ಯಾರೂ ಅಲ್ಲ ಅಂಕಲ್. ಬಾಟ್. ಒಂದು ಪ್ರೋಗ್ರಾಮ್. ಯಾವನೋ ಒಬ್ಬ ಅದನ್ನ ಬಿಟ್ಟಿರ್ತಾನೆ, ಹಾಲ್ ಚಿಕ್ಕದಿದ್ದು ಇಂಡಿಯನ್ ಹೆಸರು ಕಂಡ್ರೆ ಸಾಕು, ಬಾಚಿಕೊಂಡು ಬರುತ್ತೆ. ನಾವು ಹೆಸರು ಟೈಪ್ ಮಾಡೋಷ್ಟ್ರಲ್ಲಿ ಅದು ಹಾಲನ್ನೇ ಕೊಂಡಿರುತ್ತೆ. ಲೈವ್ ಇನ್ ಸಿಡ್ನಿ, ಒನ್ ನೈಟ್ ಓನ್ಲಿ ಅಂತ ನಾನೇ ಕರೆದಂಗಾಯ್ತು."

"ಅವನಿಗೆ ನೀಲಾಂಬಿಕಮ್ಮನ ವಯಸ್ಸು ಗೊತ್ತೇನಪ್ಪ?"

"ಅಮ್ಮ ಡ್ಯಾನ್ಸ್ ಮಾಡ್ತಾರೆ ಅಂದ್ಕೊಂಡಿದಾನೆ ಅಂಕಲ್."

ನೀಲಾಂಬಿಕಮ್ಮನವರಿಗೆ ಸುದ್ದಿಯನ್ನು ತಾವೇ ಹೇಳಬೇಕು ಎಂದು ಗಿರಿಜಮ್ಮ ತೀರ್ಮಾನಿಸಿದರು. ಮುಚ್ಚಿಟ್ಟು ಓದಿಸುವುದು ಅವರಿಂದಾಗದ ಮಾತು. ಆಗಲೇ ಸಿಡ್ನಿ ತಲುಪಿ ಮಗಳ ಮನೆಯಲ್ಲಿದ್ದ ನೀಲಾಂಬಿಕಮ್ಮನವರು ಫೋನಿನಲ್ಲಿ ಸುದ್ದಿ ಕೇಳಿಸಿಕೊಂಡರು. ಬೈಯಲಿಲ್ಲ.

"ಕಾರ್ಯಕ್ರಮಕ್ಕೆ ಇನ್ನೂ ಎರಡು ವಾರ ಇದೆಯಲ್ಲ ತಾಯಿ. ನಾನು ಹಾಲಿಗೆ ಬರ್ತೀನಿ. ಹೆಚ್ಚಿಗೆ ಕೊಟ್ಟು ಬಂದೋರು ಒಬ್ಬರಿದ್ರೂ ಎದ್ದು ಕೈಮುಗಿದು ಹೋಗ್ತೀನಿ. ಹಾಲು ಖಾಲಿ ಇದ್ರೂ ಓದ್ತೀನಿ, ಅದಕ್ಕೇನಿಲ್ಲ. ಕೇಳೋಕೆ ಅವನೊಬ್ಬ ಇರ್ತಾನಲ್ಲ."

ಅವನ ಸೀಟನ್ನೂ ಮಾರಾಟಕ್ಕಿಟ್ಟಿದ್ದಾರೆ ಎಂದು ಹೇಳಲು ಗಿರಿಜಮ್ಮನಿಗೆ ನಾಲಿಗೆ ಏಳಲಿಲ್ಲ.

ಆ ವಾರವೇ ಗಂಡಹೆಂಡತಿ ಸಿಡ್ನಿಗೆ ಹೊರಟರು. ಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಲಗೇಜಿಗೆ ಹಾಕಿದರು. ಓದಲಿ, ಓದದಿರಲಿ, ಮಣೆ ಅಲ್ಲಿರಬೇಕು ಎಂದು ಗಿರಿಜಮ್ಮನ ಹಟ. ಚಾಟ್ಸ್‌ವುಡ್‌ನಲ್ಲಿ ತೇಜಸ್ ತನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕಾದಿದ್ದ. ಅವನೂ ಸುಮ್ಮನೆ ಕೂತಿರಲಿಲ್ಲ. ಸರ್ಕಾರದ ಗ್ರಾಹಕ ರಕ್ಷಣೆಯ ಕಚೇರಿಗೆ ದೂರು ಕೊಟ್ಟು, ಅಲ್ಲಿಯ ಅಧಿಕಾರಿಣಿಯೊಬ್ಬರ ಜೊತೆ ಮಾತಾಡಿ, ಕಾನೂನು ತಿಳಿದುಕೊಂಡು ಬಂದಿದ್ದ.

"ಆಂಟಿ, ಇಲ್ಲಿ ಕಾನೂನಿದೆ. ಟಿಕೆಟನ್ನ ಕೊಂಡ ಬೆಲೆಗಿಂತ ಶೇಕಡಾ ಹತ್ತಕ್ಕಿಂತ ಹೆಚ್ಚಿಗೆ ಮಾರೋ ಹಾಗಿಲ್ಲ. ಮಾರೋ ಜಾಹೀರಾತಲ್ಲಿ ಸೀಟ್ ನಂಬರ್ ಹಾಕಲೇಬೇಕು, ಅದಕ್ಕೇ ಎಲ್ಲ ನಂಬರೂ ಕಾಣ್ತಿತ್ತು. ಇವತ್ತು ಬೆಳಿಗ್ಗೆ ಆ ಜಾಹೀರಾತೆಲ್ಲ ತೆಗೆಸಿದಾರೆ. ಒಂದಷ್ಟು ಜನ ಆಗಲೇ ಕೊಂಡಿದ್ರಂತೆ, ಅವರ ದುಡ್ಡೂ ವಾಪಸ್ ಹೋಗುತ್ತೆ."

"ಮತ್ತೆ ಮುಗೀತಲ್ಲ?"

"ಮುಗೀಲಿಲ್ಲ ಆಂಟಿ. ಜಾಹೀರಾತು ಹೋಯ್ತು, ಸೀಟು ಅವನ ಹತ್ರಾನೇ ಇದೆ. ಜಾಹೀರಾತಲ್ಲಿದ್ದ ನಂಬರೆಲ್ಲ ನಲವತ್ತು ಹೆಸರಲ್ಲಿ ಕೊಂಡಿದಾನೆ. ನಲವತ್ತು ಮನೆಯವರು ಪಾಪ ಆರಾರು ಟಿಕೆಟ್ ತಗೊಂಡಂಗೆ. ಬಾಟ್ ಬಿಟ್ಟು ಕೊಂಡ ಅಂತ ತೋರಿಸಿದ್ರೆ ಮಾತ್ರ ಟಿಕೆಟ್ ಕ್ಯಾನ್ಸಲ್ ಮಾಡಬಹುದು. ಇಲ್ದಿದ್ರೆ ಹಾಲು ಖಾಲಿ."

ಟಿಕೆಟ್ ಕಂಪನಿಯ ಕಚೇರಿ ರೈಲ್ವೆ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಶ್ಯಾರನ್ ಎಂಬ ಮಧ್ಯವಯಸ್ಸಿನ ಹೆಂಗಸು ಇವರನ್ನು ಕೂರಿಸಿ ಚಹಾ ಕೊಟ್ಟರು. ಒಳ್ಳೆಯವರು, ಆದರೆ ಕೈ ಚೆಲ್ಲಿ ಕೂತಿದ್ದರು. ಬೇರೆ ಬೇರೆ ಹೆಸರು, ಬೇರೆ ಬೇರೆ ಕಾರ್ಡು, ಇವರು ನಿಜವಾದ ಗಿರಾಕಿಗಳಲ್ಲ ಎಂದು ತೋರಿಸುವುದು ಹೇಗೆ? ಮನುಷ್ಯನೂ ಬೇಗ ಕೊಳ್ಳಬಹುದು. ಕಾನೂನು ಸ್ಪಷ್ಟವಾಗಿದೆ, ಎಂದರು: ಸೈಟಿನ ಕಾವಲನ್ನು ತಪ್ಪಿಸುವ ಸಾಫ್ಟ್‌ವೇರ್ ಬಳಸಿ, ಸೈಟಿನಲ್ಲಿ ಪ್ರಕಟಿಸಿದ ಷರತ್ತನ್ನು ಮುರಿದು ಕೊಂಡರೆ ಅದು ಅಪರಾಧ. "ನೀವು ಏನಾದರೂ ಷರತ್ತು ಪ್ರಕಟಿಸಿದ್ದಿರಾ?"

ತೇಜಸ್ ಇಂಗ್ಲಿಷಿನಲ್ಲಿ ತಡವರಿಸುತ್ತ ಷರತ್ತನ್ನು ಓದಿದ. ಆಂಜನೇಯಸ್ವಾಮಿಯ ಹೆಸರು ಬಂದಲ್ಲಿ ಶ್ಯಾರನ್ ತಡೆದರು.

"ಕ್ಷಮಿಸಿ. ಈ ಮಿಸ್ಟರ್ ಸ್ವಾಮಿ ಬರುತ್ತಾರೆಯೇ?"

"ಬರುತ್ತಾನೆ" ಎಂದರು ಗಿರಿಜಮ್ಮ. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ತಂದೆಯ ಮನೆಯ ಮಣೆಯಿಂದ ಹಿಡಿದು ಗ್ಯಾರೇಜಿನವರೆಗೆ ಎಲ್ಲವನ್ನೂ ಹೇಳಿದರು. ಶ್ಯಾರನ್ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಹಾಗಾದರೆ ನಿಮ್ಮ ಜನ ಯಾರೂ ಆ ಸೀಟನ್ನು ಕೊಳ್ಳುತ್ತಿರಲಿಲ್ಲ?"

"ಕೊಳ್ಳೋದಿರಲಿ, ಅದನ್ನ ಮುಟ್ಟೋದೂ ಇಲ್ಲ."

ಶ್ಯಾರನ್ ಚಹಾದ ಲೋಟ ಕೆಳಗಿಟ್ಟು ಕಂಪ್ಯೂಟರಿನ ಕಡೆ ತಿರುಗಿದರು. ಯಾರು ಯಾವ ಸೀಟು ಕೊಂಡರು ಎಂಬುದನ್ನು ಆವರೆಗೆ ಎಲ್ಲರೂ ನೋಡಿದ್ದರು. ಯಾರು ಯಾವ ಸೀಟಿಗೆ ಮೊದಲು ಕೈ ಚಾಚಿದರು ಎಂಬುದನ್ನು ಯಾರೂ ನೋಡಿರಲಿಲ್ಲ. ಆ ಗುರುತೂ ಯಂತ್ರದ ಹೊಟ್ಟೆಯಲ್ಲಿತ್ತು. ಶ್ಯಾರನ್ ಪರದೆಯನ್ನು ಇವರ ಕಡೆ ತಿರುಗಿಸಿ ತೋರಿಸಿದರು.

ಅತ್ಯುತ್ತಮ ಸೀಟು ಯಾವುದೋ ಅದನ್ನು ಮೊದಲು ಹಿಡಿ ಎಂಬುದು ಆ ಪ್ರೋಗ್ರಾಮಿಗೆ ಕಲಿಸಿದ್ದ ಬುದ್ಧಿ. ಹತ್ತು ಗಂಟೆ ಹೊಡೆದ ಕ್ಷಣದಲ್ಲಿ ನಲವತ್ತು ಹೆಸರೂ ಒಂದೇ ಸೀಟಿಗೆ ಮುಗಿಬಿದ್ದಿದ್ದವು. ಒಂದಕ್ಕೆ ಅದು ದಕ್ಕಿತ್ತು. ಉಳಿದವು ಅಲ್ಲಿಂದ ಚದುರಿ ಮಿಕ್ಕ ಹಾಲನ್ನು ಬಾಚಿದ್ದವು. ಕೊಳ್ಳಬಾರದು ಎಂದು ಬರೆದ ಷರತ್ತಿಗೆ ಒಪ್ಪಿದ್ದೇನೆ ಎಂದು ಗುರುತು ಹಾಕಿ, ಮರುಕ್ಷಣವೇ ಅದೇ ಸೀಟಿಗೆ ಕೈ ಹಾಕಿದ್ದವು. ಉಳಿದ ಗಿರಾಕಿಗಳು, ಸಿಡ್ನಿಯವರಾಗಲಿ ಮೆಲ್ಬರ್ನ್‌ನವರಾಗಲಿ, ಅದರ ಅಕ್ಕಪಕ್ಕದ ಸೀಟುಗಳನ್ನು ಒತ್ತಿ ನೋಡಿದ್ದರು. ಅದೊಂದನ್ನು ಮಾತ್ರ ಸುತ್ತಿಕೊಂಡು ಹೋಗಿದ್ದರು.

"ಮನುಷ್ಯರು ಇಲ್ಲಿದ್ದಾರೆ, ಯಂತ್ರ ಇಲ್ಲಿದೆ" ಎಂದು ಶ್ಯಾರನ್ ಪರದೆಯ ಮೇಲೆ ಎರಡು ಕಡೆ ಬೆರಳಿಟ್ಟರು. "ನಡುವೆ ಗೆರೆ ಎಳೆದಿರುವುದು ನಿಮ್ಮ ಮಿಸ್ಟರ್ ಸ್ವಾಮಿ." ಆಮೇಲೆ ಹುಬ್ಬು ಗಂಟಿಕ್ಕಿದರು. "ಇಲ್ಲೊಂದು ಹೆಸರಿದೆ, ಅದರ ಲೆಕ್ಕ ಸಿಗುತ್ತಿಲ್ಲ. ನಲವತ್ತರ ಪೈಕಿ ಅಲ್ಲ. ಆದರೂ ಆ ಸೀಟನ್ನು ಒತ್ತಿದೆ. ಆಮೇಲೆ ಬಿಟ್ಟಿದೆ. ಲಕ್ಷ್... ಲಕ್ಷ್ಮೀ..."

ಗಿರಿಜಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಬೋರ್ಡ್ ಹಾಕಿದ್ರೆ ಬಾಗಿಲು ತೆರೆಯುತ್ತೋ ಇಲ್ವೋ ಅಂತ ನೋಡ್ದೆ" ಎಂದರು ಲಕ್ಷ್ಮೀನಾರಾಯಣರು. "ಎಂಜಿನಿಯರ್ ಅಲ್ವೇನೇ ನಾನು? ಆಮೇಲೆ ಕೆನ್ನೆ ಬಡ್ಕೊಂಡೆ."

"ರೀ, ನೀವು ಮನುಷ್ಯರಲ್ಲ ಅಂತ ನಾನು ಇಷ್ಟು ವರ್ಷ ಹೇಳ್ತಿದ್ದೆ. ಈಗ ಕಂಪನಿಯವರೇ ಕಂಡುಹಿಡಿದ್ರು ನೋಡಿ."

ತೇಜಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಶ್ಯಾರನ್ ಕಣ್ಣೀರು ಬರುವಂತೆ ನಕ್ಕರು. ಲಕ್ಷ್ಮೀನಾರಾಯಣರ ಡ್ರೈವಿಂಗ್ ಲೈಸೆನ್ಸ್ ನೋಡಿ, ಅವರು ಮನುಷ್ಯರೆಂದು ಬರೆದುಕೊಂಡು, ಗ್ರಾಹಕ ರಕ್ಷಣೆಯ ಕಚೇರಿಗೆ ಫೋನ್ ಮಾಡಿದರು.

ಆಮೇಲಿನ ಕೆಲಸ ಸರಸರನೆ ನಡೆಯಿತು. ಅಧಿಕಾರಿಣಿ ಬಂದು ಎಲ್ಲವನ್ನೂ ನೋಡಿಕೊಂಡು ಹೋದರು. ಮಾರನೆಯ ದಿನ ನಲವತ್ತು ಹೆಸರಿನ ಟಿಕೆಟ್‌ಗಳೂ ರದ್ದಾದವು. ಆ ಹೆಸರುಗಳ ಹಿಂದಿದ್ದ ಆಸಾಮಿ ಸಿಡ್ನಿಯ ಇನ್ನೊಂದು ತುದಿಯವನು ಎಂದು ತಿಳಿಯಿತು. ಅವನ ಮೇಲೆ ಮೊಕದ್ದಮೆ ಹೂಡುವುದಾಗಿ ಅಧಿಕಾರಿಣಿಯೇ ಫೋನಿನಲ್ಲಿ ಹೇಳಿದರು. ಎಷ್ಟೋ ದೊಡ್ಡ ದೊಡ್ಡ ಕಾರ್ಯಕ್ರಮಗಳಲ್ಲಿ ಕೈಗೆ ಸಿಗದೆ ಜಾರಿಹೋಗಿದ್ದವನಂತೆ ಅವನು.

ಈಗ ರದ್ದಾದ ಸೀಟುಗಳೆಲ್ಲ ಮತ್ತೆ ಮಾರಾಟಕ್ಕೆ ಬರಬೇಕಿತ್ತು. ಫೋನಿನಲ್ಲೇ ಒಬ್ಬೊಬ್ಬರಿಗೂ ಕೊಟ್ಟುಬಿಡೋಣ ಎಂದು ಲಕ್ಷ್ಮೀನಾರಾಯಣರ ಸಲಹೆ. ಗಿರಿಜಮ್ಮ ಒಪ್ಪಲಿಲ್ಲ.

"ಬೇಡ. ಅದೇ ಪುಟ ತೆಗಿ ತೇಜಸ್. ಸ್ವಾಮಿಯ ಸೀಟು ಹಾಗೇ ತೆರೆದಿರಲಿ. ಬಾಗಿಲಲ್ಲಿ ಕಾವಲಿಗೆ ಅವನು ಕೂತಿರುವಾಗ ನಮಗೇನು ಭಯ?"

ತೇಜಸ್‌ಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಶ್ಯಾರನ್ ಹತ್ತಿರ ಓಡಿದ. ಆ ಸೀಟಿಗೆ ಕೈ ಚಾಚಿದ ಹೆಸರು ಯಾವುದಾದರೂ ಆಗಿರಲಿ, ಅಲ್ಲೇ ಹೊರಗೆ. ಮನುಷ್ಯರಾಗಿದ್ದರೆ ಫೋನ್ ಮಾಡಿ ಹೇಳಿಕೊಳ್ಳಲಿ ಎಂದು ಇಬ್ಬರೂ ಕೂತು ಏರ್ಪಾಡು ಮಾಡಿದರು. "ಅಂಕಲ್, ಈ ಸಲ ಬೆರಳು ಜೇಬಲ್ಲಿರಲಿ" ಎಂದು ತೇಜಸ್ ಎಚ್ಚರಿಸಿದ. ತಲೆಬರಹವನ್ನೂ ಬದಲಾಯಿಸಲು ಹೋದ.

"ಬಿಡೋ, ಹಾಗೇ ಇರಲಿ" ಎಂದರು ಗಿರಿಜಮ್ಮ. "ಬರೋರೆಲ್ಲ ಬರಲಿ."

ಬಂದವು. ಆ ಆಸಾಮಿಯದೋ, ಅವನಂಥ ಇನ್ನೊಬ್ಬನದೋ, ಮಾರಾಟ ತೆರೆದ ಕ್ಷಣಕ್ಕೇ ಮೊದಲ ಸಾಲಿನ ನಟ್ಟನಡುವಿಗೆ ಹೊಸ ಹೆಸರುಗಳ ಹಿಂಡು ಎರಗಿತು. ಶ್ಯಾರನ್ ಪಕ್ಕದಲ್ಲಿ ಕೂತು ಗಿರಿಜಮ್ಮ ಪರದೆಯ ಮೇಲೆ ಅದನ್ನು ಕಣ್ಣಾರೆ ಕಂಡರು. ಒಂದೊಂದು ಹೆಸರೂ ಆ ಸೀಟನ್ನು ಮುಟ್ಟಿದ್ದೇ ಕೆಂಪಾಗಿ ಉದುರಿತು. ಮುಟ್ಟಿತು, ಉದುರಿತು. ಕೋಟೆಗೋಡೆಗೆ ಎಸೆದ ಕಲ್ಲಿನಂತೆ ಒಂದೂ ಒಳಗೆ ಬೀಳಲಿಲ್ಲ. ಆಮೇಲೆ ಪರದೆ ಶಾಂತವಾಯಿತು. ಆ ಶಾಂತಿಯಲ್ಲಿ, ತಮ್ಮ ಹೆಸರು ಟೈಪ್ ಮಾಡಿ, ತಪ್ಪಾಗಿ, ಅಳಿಸಿ, ಮತ್ತೆ ಟೈಪ್ ಮಾಡಿ, ಒಟಿಪಿಗೆ ಕನ್ನಡಕ ಹುಡುಕಿ, ಮನುಷ್ಯರು ಒಬ್ಬೊಬ್ಬರೇ ಬರತೊಡಗಿದರು. ಮೂರನೇ ಸಾಲಿನಲ್ಲಿ ಎರಡು ಸೀಟು ಹಸಿರಾಯಿತು. ಸಂಪತ್‌ನ ಹೆಸರು.

ಮರುಗಳಿಗೆಯಲ್ಲೇ ಗಿರಿಜಮ್ಮನ ಫೋನ್ ಹೊಡೆದುಕೊಂಡಿತು.

"ಗಿರಿಜಮ್ಮೋರೇ, ಸಿಕ್ತು ಕಣ್ರೀ" ಎಂದರು ಕೆಂಪಮ್ಮ. "ನಮ್ಮ ಹುಡುಗ ಈ ಪಾಟಿ ನಿಧಾನ. ಆದ್ರೂ ಸಿಕ್ತು."

"ನಿಧಾನಕ್ಕೇ ಸಿಕ್ಕಿದ್ದು ಕೆಂಪಮ್ಮ" ಎಂದರು ಗಿರಿಜಮ್ಮ.

ಕಾರ್ಯಕ್ರಮದ ದಿನ ಚಾಟ್ಸ್‌ವುಡ್‌ನ ಸ್ಟೇಷನ್‌ನಿಂದ ಸಭಾಂಗಣದವರೆಗೆ ರೇಷ್ಮೆ ಸೀರೆಗಳ ಸಾಲು. ಮೆಲ್ಬರ್ನ್‌ನವರು ಕೆಲವರು ವಿಮಾನದಲ್ಲಿ, ಹೆಚ್ಚಿನವರು ಕಾರುಗಳಲ್ಲಿ ದಾರಿಯುದ್ದಕ್ಕೂ ಪುಳಿಯೋಗರೆ ತಿನ್ನುತ್ತ ಬಂದಿದ್ದರು. ಗಿರಿಜಮ್ಮ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ ಮೊದಲ ಸಾಲಿನ ನಡುವಿನ ಸೀಟನ್ನು ಬಿಡಿಸಿದರು. ಕೈಬಿಟ್ಟರೆ ತಾನಾಗಿ ಮೇಲಕ್ಕೆ ಮಡಚಿಕೊಳ್ಳುವ ಸಿನಿಮಾ ಟಾಕೀಸಿನಂಥ ಸೀಟು ಅದು. ಅದರ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಕೆಂಪು ವಸ್ತ್ರ ಇಟ್ಟರು. ಮಣೆಯ ಭಾರಕ್ಕೆ ಸೀಟು ಹಾಗೇ ನಿಂತಿತು.

ನೀಲಾಂಬಿಕಮ್ಮನವರು ಮಗಳ ಕೈ ಹಿಡಿದು ವೇದಿಕೆ ಹತ್ತಿದರು. ಗ್ಯಾರೇಜಿನ ಸ್ಪೀಕರಿನಲ್ಲಿ ಅಷ್ಟು ದೊಡ್ಡದಾಗಿ ಕೇಳುತ್ತಿದ್ದ ದನಿಗೆ ಇಷ್ಟು ಪುಟ್ಟ ಮೈಯೇ ಎಂದು ಗಿರಿಜಮ್ಮನಿಗೆ ಅನ್ನಿಸಿತು. ಅವರು ಕೂತು, ಶ್ರುತಿ ಹಚ್ಚಿಸದೆ, ಮೊದಲು ಮೈಕಿನಲ್ಲಿ ಕೇಳಿದರು.

"ಒಂದು ಮಾತು ಕೇಳ್ಬೇಕು, ತಪ್ಪು ತಿಳೀಬೇಡಿ. ಬಾಡಿಗೆಯ ಪಾಲಿಗಿಂತ ಹೆಚ್ಚಿಗೆ ಕೊಟ್ಟು ಒಳಗೆ ಬಂದೋರು ಯಾರಾದ್ರೂ ಇದೀರಾ?"

ತೇಜಸ್ ಅದನ್ನು ಇಂಗ್ಲಿಷಿನಲ್ಲೂ ಹೇಳಿದ. ಆರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು.

ಗಿರಿಜಮ್ಮ ಥಟ್ಟನೆ ಅತ್ತ ತಿರುಗಿದರು. ಎದ್ದು ನಿಂತವರು ಚಾಟ್ಸ್‌ವುಡ್‌ನ ಚೀನೀ ಮೂಲದ ಅಜ್ಜಿಯೊಬ್ಬರು. ಕೈಯಲ್ಲಿ ಛತ್ರಿ, ತಲೆಯ ಮೇಲೆ ಹೆಣಿಗೆಯ ಟೋಪಿ.

"ನಾನು ಕೊಟ್ಟಿದ್ದೆ" ಎಂದರು ಅವರು ಇಂಗ್ಲಿಷಿನಲ್ಲಿ. "ಮುನ್ನೂರ ನಲವತ್ತು. ಅಲ್ಲಿ, ಮುಂದೆ, ಕೆಂಪು ಬಟ್ಟೆ ಇರುವ ಸೀಟಿಗೆ. ಡ್ಯಾನ್ಸ್ ಇದೆ ಅಂದುಕೊಂಡಿದ್ದೆ. ಆಮೇಲೆ ಅದು ಮೋಸ ಅಂತ ಹೇಳಿ ಎಲ್ಲ ದುಡ್ಡೂ ವಾಪಸ್ ಕೊಟ್ಟರು. ನಿಮ್ಮ ಪುಟ ಓದಿದೆ. ದೇವರಿಗೆ ಸೀಟು ಇಡುವ ಜನ ಏನು ಹಾಡುತ್ತಾರೆ, ನೋಡೋಣ ಅನ್ನಿಸಿತು. ಹದಿನೈದು ಕೊಟ್ಟು ಬಂದೆ. ಇಲ್ಲಿಂದ ಚೆನ್ನಾಗಿಯೇ ಕಾಣುತ್ತದೆ."

ಅಪರ್ಣ ತಾಯಿಯ ಕಿವಿಯಲ್ಲಿ ಅದನ್ನು ಕನ್ನಡಿಸುತ್ತ ಹೋದಳು. ನೀಲಾಂಬಿಕಮ್ಮನವರ ಮುಖ ಮೊದಲು ಗಂಭೀರವಾಗಿತ್ತು. ಆಮೇಲೆ ತುಟಿಯ ಅಂಚು ಸಡಿಲವಾಯಿತು. ಆಮೇಲೆ ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರ ನಗು ಮೈಕಿನಲ್ಲಿ ಹಾಲಿನ ಮೂಲೆಮೂಲೆಗೆ ತಲುಪಿ, ಹಾಲಿಗೆ ಹಾಲೇ ನಗತೊಡಗಿತು. ಕೆಂಪಮ್ಮ ಪಕ್ಕದವರಿಗೆ, "ಆಯಮ್ಮ ದೇವರ ಸೀಟ ತಗಂಡು ದೇವರಿಗೇ ಬಿಟ್ಕೊಟ್ಟವ್ರೆ ಕಣ್ರೀ" ಎನ್ನುತ್ತಿದ್ದರು.

"ಶ್ರುತಿ ಹಚ್ಚಿ" ಎಂದರು ನೀಲಾಂಬಿಕಮ್ಮ.

ಅಂದು ಅವರು ಎತ್ತಿಕೊಂಡದ್ದು ಸ್ವಾಮಿ ಸಮುದ್ರ ಹಾರುವ ಭಾಗ. ಮೊದಲ ಪದ್ಯವನ್ನು ಮೋಹನ ರಾಗದಲ್ಲಿ ಮೆಲ್ಲಗೆ ಇಳಿಸಿ, ಬೆಟ್ಟದ ತುದಿಯಲ್ಲಿ ಪಾದ ಊರುವಲ್ಲಿಗೆ ಬಂದಾಗ ದನಿ ಕುಗ್ಗಿಸಿ, ಕುಗ್ಗಿಸಿ, ಆರನೇ ಸಾಲಿನಲ್ಲಿ ಒಮ್ಮೆಲೇ ಬಿಟ್ಟರು. ಇಷ್ಟು ವರ್ಷ ಗ್ಯಾರೇಜಿನಲ್ಲಿ ತುಂಡಾಗಿ, ತ್ರಾಸಪಟ್ಟು, ಸಮುದ್ರದಾಚೆಯಿಂದ ತಡವಾಗಿ ಬರುತ್ತಿದ್ದ ಆ ಸಾಲು, ನಡುವೆ ಏನೂ ಇಲ್ಲದೆ, ಬಾಯಿಂದ ಹೊರಟು ನೇರವಾಗಿ ಕಿವಿಗೆ ಬಂತು. ಗಿರಿಜಮ್ಮ ಕಣ್ಣು ಮುಚ್ಚಿದರು. ಮೈಸೂರಿನ ಮನೆಯ ಬಾಗಿಲಾಚೆ ಜನ ನಿಂತಿದ್ದರು. ಅವರ ತಂದೆ ಗಂಟಲು ಸರಿಮಾಡಿಕೊಂಡಿದ್ದರು. ಇವತ್ತು ಇಲ್ಲಿ ಒಳಗೆ ಬಾರದೆ ಉಳಿದವರು ಒಬ್ಬರೂ ಇರಲಿಲ್ಲ.

ಮಂಗಳ ಮುಗಿಯಿತು. ಜನ ಎದ್ದು, ಕೈಮುಗಿದು, ಚಪ್ಪಾಳೆ ತಟ್ಟಿ, ಮತ್ತೆ ಕೈಮುಗಿದರು. ಗಿರಿಜಮ್ಮ ಮೊದಲ ಸಾಲಿಗೆ ಬಂದು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಮಣೆಯನ್ನು ಎತ್ತಿದರು.

ಸೀಟು ಮೇಲಕ್ಕೆ ಮಡಚಿಕೊಳ್ಳಲಿಲ್ಲ.

"ಸ್ಪ್ರಿಂಗ್ ಹೋಗಿದೆ" ಎಂದರು ಲಕ್ಷ್ಮೀನಾರಾಯಣರು ಹಿಂದಿನಿಂದ. ಬೆರಳು ಮಾತ್ರ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಗಿರಿಜಮ್ಮ ವೇದಿಕೆಯ ಕಡೆ ನೋಡಿದರು. ಇಳಿಯಲು ಮಗಳ ಕೈ ಹಿಡಿದಿದ್ದ ನೀಲಾಂಬಿಕಮ್ಮನವರು ಅದನ್ನು ಕಂಡು ನಿಂತರು. ಮಗಳ ಕೈ ಬಿಟ್ಟರು.

"ಅವನಿನ್ನೂ ಎದ್ದಿಲ್ಲ ತಾಯಿ" ಎಂದರು. "ಎಲ್ಲರೂ ಕೂತ್ಕೊಳ್ಳಿ. ಇನ್ನೊಂದು ಪದ್ಯ ಓದ್ತೀನಿ."

ಬಾಗಿಲವರೆಗೆ ಹೋಗಿದ್ದವರೂ ತಿರುಗಿ ಬಂದು ಕೂತರು.